ಸ್ವನಿರ್ಮಿತ ವಿಮಾನಗಳಲ್ಲಿ ಜಿಪಿಎಸ್ ಮತ್ತು ಉಪಕರಣಫಲಕ: ಸಾಕ್ಷ್ಯದ ದೃಷ್ಟಿಯಿಂದ ಒಂದು ವಿವೇಚನೆ

೧

ವಿಮಾನದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ರೆಕ್ಕೆಯ ಮತ್ತು ಎಂಜಿನಿನ ಇತಿಹಾಸವನ್ನೇ ಬರೆದಿದ್ದಾರೆ. ವಿಮಾನವು ಎಷ್ಟು ದೂರ ಹಾರಿತು, ಎಷ್ಟು ವೇಗದಿಂದ ಹಾರಿತು ಎಂಬ ಪ್ರಶ್ನೆಗಳಿಗೆ ದೊರೆತಷ್ಟು ಗಮನವು, ಹಾರುತ್ತಿರುವ ಚಾಲಕನಿಗೆ ತಾನಿರುವ ನೆಲೆಯು ಹೇಗೆ ತಿಳಿಯುತ್ತಿತ್ತು ಎಂಬ ಪ್ರಶ್ನೆಗೆ ದೊರೆತಿಲ್ಲ. ಚಾಲಕನ ಮುಂದಿರುವ ಉಪಕರಣಫಲಕದ ಚರಿತ್ರೆಯು ಈ ಕಾರಣದಿಂದ ಎಂಜಿನಿಯರುಗಳ ಕೈಪಿಡಿಗಳಲ್ಲಿಯೇ ಉಳಿದುಕೊಂಡಿದೆ. ಪ್ರಕೃತ ಲೇಖನದಲ್ಲಿ ನಾವು ಆ ಚರಿತ್ರೆಯ ಒಂದು ಸಣ್ಣ ಭಾಗವನ್ನು ಮಾತ್ರ ಎತ್ತಿಕೊಂಡಿದ್ದೇವೆ: ಅಮೆರಿಕದಲ್ಲಿ ಹವ್ಯಾಸಿಗಳು ತಮ್ಮ ಮನೆಯ ಕೊಟ್ಟಿಗೆಗಳಲ್ಲಿ ಕಟ್ಟಿಕೊಂಡ ವಿಮಾನಗಳಲ್ಲಿ, ಜಿಪಿಎಸ್ ಎಂಬ ಉಪಗ್ರಹ ಮಾರ್ಗದರ್ಶಕ ವ್ಯವಸ್ಥೆಯ ಮಾಹಿತಿಯು ಫಲಕದ ಇತರ ಉಪಕರಣಗಳಿಗೆ ತಂತಿಯ ಮೂಲಕ ಸೇರಿಕೊಂಡ ಬಗೆ ಮತ್ತು ಅದರಿಂದ ಉಂಟಾದ ಪರಿಣಾಮ.

ಇತಿಹಾಸದ ವಿದ್ಯಾರ್ಥಿಗೆ ಇದು ದೂರದ ವಿಷಯವೆಂದು ತೋರಬಹುದು. ಆದರೆ ಎರಡು ಆಧಾರಗಳು ಒಂದೇ ಮಾತನ್ನು ಹೇಳಿದಾಗ ಅವು ನಿಜವಾಗಿಯೂ ಎರಡೋ, ಅಥವಾ ಒಂದರ ಪ್ರತಿಯೇ ಇನ್ನೊಂದೋ ಎಂದು ಕೇಳುವುದು ನಮ್ಮ ಶಾಸ್ತ್ರದ ಮೊದಲ ಪಾಠ. ಒಂದು ಕೈಫಿಯತ್ತನ್ನು ನೋಡಿ ಬರೆದ ನಾಲ್ಕು ಕೈಫಿಯತ್ತುಗಳು ಐದು ಸಾಕ್ಷಿಗಳಾಗುವುದಿಲ್ಲ. ಅವೆಲ್ಲವೂ ಸೇರಿ ಒಂದೇ ಸಾಕ್ಷಿ. ಈ ಪಾಠವು ವಿಮಾನದ ಫಲಕಕ್ಕೂ ಅನ್ವಯಿಸುತ್ತದೆಂಬುದನ್ನೂ, ಅಲ್ಲಿ ಅದನ್ನು ಮರೆತವನು ತೆರಬೇಕಾದ ದಂಡವು ಒಂದು ತಪ್ಪು ಕಾಲನಿರ್ಣಯಕ್ಕಿಂತ ಬಹಳ ದೊಡ್ಡದೆಂಬುದನ್ನೂ ತೋರಿಸುವುದೇ ಈ ಲೇಖನದ ಉದ್ದೇಶ.

೨

ಉಪಕರಣಗಳನ್ನು ಮಾತ್ರ ನಂಬಿ ವಿಮಾನವನ್ನು ನಡೆಸಬಹುದೆಂಬುದು ಪ್ರಯೋಗದಿಂದ ಸಿದ್ಧವಾದದ್ದು ೧೯೨೯ನೆಯ ಇಸವಿ ಸೆಪ್ಟೆಂಬರ್ ೨೪ರಂದು. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿರುವ ಮಿಚೆಲ್ ಫೀಲ್ಡ್ ಎಂಬ ನೆಲೆಯಿಂದ ಜೇಮ್ಸ್ ಡೂಲಿಟಲ್ ಎಂಬ ಸೇನಾಧಿಕಾರಿಯು, ಹೊರಗಿನದೇನೂ ಕಾಣದಂತೆ ಮುಚ್ಚಿದ ಆಸನದಲ್ಲಿ ಕುಳಿತು, ವಿಮಾನವನ್ನು ಮೇಲೆತ್ತಿ, ಸುತ್ತು ಹಾಕಿ, ಮರಳಿ ನೆಲಕ್ಕಿಳಿಸಿದನು. ಮುಂದಿನ ಆಸನದಲ್ಲಿ ಬೆಂಜಮಿನ್ ಕೆಲ್ಸೆಯೆಂಬ ಇನ್ನೊಬ್ಬ ಚಾಲಕನು ಅಪಾಯ ಬಂದರೆ ನೆರವಾಗಲೆಂದು ಕುಳಿತಿದ್ದನು. ಅವನು ಕೈಹಾಕಬೇಕಾದ ಸಂದರ್ಭ ಬರಲಿಲ್ಲ. ಡೂಲಿಟಲನ ಮುಂದೆ ಸ್ಪೆರಿ ಕಂಪನಿಯ ಕೃತಕ ದಿಗಂತ, ದಿಕ್ಕನ್ನು ತೋರಿಸುವ ಗೈರೋ, ಕೋಲ್ಸ್‌ಮನ್ ನಿರ್ಮಿಸಿದ ಸೂಕ್ಷ್ಮ ಎತ್ತರಮಾಪಕ ಹಾಗೂ ನೆಲದ ರೇಡಿಯೋ ಸಂಕೇತವನ್ನು ಗ್ರಹಿಸುವ ಒಂದು ಸೂಚಕ ಇದ್ದವು.

ಇಲ್ಲಿ ವಿಚಾರಾರ್ಹವಾದ ಅಂಶವೊಂದಿದೆ. ಈ ಉಪಕರಣಗಳಲ್ಲಿ ಪ್ರತಿಯೊಂದೂ ತನ್ನದೇ ಆದ ಮೂಲದಿಂದ ತನ್ನ ಮಾತನ್ನು ಪಡೆಯುತ್ತಿತ್ತು. ಎತ್ತರಮಾಪಕವು ಗಾಳಿಯ ಒತ್ತಡವನ್ನು ಅಳೆಯುತ್ತಿತ್ತು. ಗೈರೋ ತನ್ನ ಭ್ರಮಣದ ಬಲದಿಂದ ದಿಕ್ಕನ್ನು ಹಿಡಿದಿರುತ್ತಿತ್ತು. ರೇಡಿಯೋ ಸೂಚಕವು ನೆಲದ ಮೇಲಿನ ಕೇಂದ್ರದ ಮಾತನ್ನು ಹೇಳುತ್ತಿತ್ತು. ಮುಂದಿನ ದಶಕಗಳಲ್ಲಿ ರೂಢಿಗೆ ಬಂದ ಫಲಕವೂ ಇದೇ ತತ್ತ್ವವನ್ನು ಅನುಸರಿಸಿತು. ವೇಗಮಾಪಕ, ಎತ್ತರಮಾಪಕ, ಏರಿಳಿತಸೂಚಕ ಈ ಮೂರಕ್ಕೆ ಗಾಳಿಯ ಒತ್ತಡವೇ ಆಧಾರ. ಕೃತಕ ದಿಗಂತ ಮತ್ತು ದಿಕ್ಕಿನ ಗೈರೋಗಳನ್ನು ಎಂಜಿನಿಗೆ ಜೋಡಿಸಿದ ಗಾಳಿಯ ಪಂಪು ತಿರುಗಿಸುತ್ತಿತ್ತು. ತಿರುವುಸೂಚಕಕ್ಕೆ ಸಾಮಾನ್ಯವಾಗಿ ವಿದ್ಯುತ್ತು. ದಿಕ್ಸೂಚಿಗೆ ಭೂಮಿಯ ಕಾಂತತ್ವವಲ್ಲದೆ ಬೇರೇನೂ ಬೇಕಿರಲಿಲ್ಲ. ಪಂಪು ಕೆಟ್ಟು ಕೃತಕ ದಿಗಂತವು ಮೆಲ್ಲನೆ ಓರೆಯಾಗತೊಡಗಿದರೆ ತಿರುವುಸೂಚಕವೂ ದಿಕ್ಸೂಚಿಯೂ ಅದನ್ನು ಅಲ್ಲಗಳೆಯುತ್ತಿದ್ದವು. ಚಾಲಕನಿಗೆ ಕಲಿಸುತ್ತಿದ್ದ ಮುಖ್ಯ ವಿದ್ಯೆಯೆಂದರೆ ಒಂದು ಉಪಕರಣದ ಮಾತನ್ನು ಇನ್ನೊಂದರ ಮಾತಿನೊಡನೆ ಹೋಲಿಸಿ ನೋಡುವುದು. ಹಳೆಯ ಫಲಕವು ಪರಸ್ಪರ ಪರಿಚಯವಿಲ್ಲದ ಸಾಕ್ಷಿಗಳ ಒಂದು ಸಭೆಯಂತಿದ್ದಿತು, ತೀರ್ಪು ಚಾಲಕನದಾಗಿತ್ತು.

೩

ಈಗ ಹವ್ಯಾಸಿ ನಿರ್ಮಾಪಕರ ವಿಚಾರಕ್ಕೆ ಬರೋಣ. ೧೯೫೩ರ ಜನವರಿಯಲ್ಲಿ ಪಾಲ್ ಪೊಬೆರೆಜ್ನಿ ಎಂಬಾತನು ಮಿಲ್ವಾಕೀ ನಗರದಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿದನು. ೧೯೭೦ರಿಂದ ಈ ಸಂಘದ ವಾರ್ಷಿಕ ಮೇಳವು ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್ ಎಂಬಲ್ಲಿ ನಡೆಯುತ್ತ ಬಂದಿದೆ. ಅಮೆರಿಕದ ಕಾನೂನು ಇಂತಹ ವಿಮಾನಗಳಿಗೆ ‘ಪ್ರಾಯೋಗಿಕ’ ಎಂಬ ಪ್ರತ್ಯೇಕ ವರ್ಗವನ್ನು ಕಲ್ಪಿಸಿದೆ. ವಿಮಾನದ ಹೆಚ್ಚಿನ ಭಾಗವನ್ನು, ತಮ್ಮ ಶಿಕ್ಷಣಕ್ಕಾಗಿ ಅಥವಾ ವಿನೋದಕ್ಕಾಗಿ ಮಾತ್ರವೇ ಈ ಕೆಲಸವನ್ನು ಕೈಗೊಂಡವರು ತಯಾರಿಸಿ ಜೋಡಿಸಿರಬೇಕೆಂಬುದು ನಿಯಮ. ವಿಮಾನವನ್ನು ಹತ್ತುವ ಬಾಗಿಲ ಬಳಿಯಲ್ಲಿ ಆ ವರ್ಗದ ಹೆಸರನ್ನು ಎರಡು ಅಂಗುಲಕ್ಕೆ ಕಡಮೆಯಿಲ್ಲದ ಅಕ್ಷರಗಳಲ್ಲಿ ಬರೆದಿರಬೇಕು. ಇದು ಕಾರ್ಖಾನೆಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಒಳಪಟ್ಟುದಲ್ಲವೆಂಬ ಎಚ್ಚರಿಕೆಯು ಪ್ರಯಾಣಿಕನ ಕಣ್ಣಿಗೆ ಬೀಳಬೇಕು. ಇಷ್ಟನ್ನು ಪಾಲಿಸಿದವನಿಗೆ ಕಾನೂನು ದೊಡ್ಡ ಸ್ವಾತಂತ್ರ್ಯವನ್ನು ಕೊಡುತ್ತದೆ. ಕಾರ್ಖಾನೆಯ ವಿಮಾನದಲ್ಲಿ ಹೊಸ ಉಪಕರಣವೊಂದನ್ನು ಕೂರಿಸಬೇಕಾದರೆ ಸರಕಾರದ ಒಪ್ಪಿಗೆ ಪಡೆದ ಉಪಕರಣವೇ ಆಗಬೇಕು, ಅಧಿಕೃತ ತಂತ್ರಜ್ಞನ ಸಹಿಯೂ ಬೇಕು. ಸ್ವನಿರ್ಮಿತ ವಿಮಾನದಲ್ಲಿ ನಿರ್ಮಾಪಕನು ತನಗೆ ಯುಕ್ತವೆನಿಸಿದ ಉಪಕರಣವನ್ನು ಬಹುಮಟ್ಟಿಗೆ ತಾನೇ ಕೂರಿಸಬಲ್ಲನು. ತಾನು ಕಟ್ಟಿದ ವಿಮಾನದ ವಾರ್ಷಿಕ ತಪಾಸಣೆಯನ್ನು ತಾನೇ ಮಾಡುವ ಅರ್ಹತಾಪತ್ರವನ್ನೂ ಪಡೆಯಬಲ್ಲನು.

ಆರಂಭದಲ್ಲಿ ಈ ಸ್ವಾತಂತ್ರ್ಯದ ಉಪಯೋಗವು ಹೆಚ್ಚಾಗಿ ವಿಮಾನದ ಒಡಲಿನಲ್ಲಿಯೇ ಆಯಿತು. ಬರ್ಟ್ ರುಟಾನ್ ರಚಿಸಿದ ವೇರಿ-ಈಜಿ ವಿಮಾನವು ೧೯೭೫ರಲ್ಲಿಯೂ, ಲಾಂಗ್-ಈಜಿ ೧೯೭೯ರಲ್ಲಿಯೂ ಹಾರಿದವು. ಹಗುರವಾದ ನೊರೆದಿಮ್ಮಿಯನ್ನು ಕತ್ತರಿಸಿ ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಅಂಟಿನಿಂದ ಹೊದಿಸುವ ಅವನ ಪದ್ಧತಿಯು ಸಾವಿರಾರು ಜನರನ್ನು ಈ ಕೆಲಸಕ್ಕೆ ಎಳೆಯಿತು. ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ಎಂಬಾತನ ಲೋಹದ ಆರ್‌ವಿ ವಿಮಾನಗಳು ಅದಕ್ಕಿಂತಲೂ ಹೆಚ್ಚು ಪ್ರಚಾರಕ್ಕೆ ಬಂದು, ಇಂದಿನವರೆಗೆ ಹತ್ತು ಸಾವಿರಕ್ಕೂ ಮಿಕ್ಕಿ ಹಾರಿವೆ. ಇವುಗಳ ಫಲಕವು ಮಾತ್ರ ಬಹುಕಾಲ ಹಳೆಯ ತೆರನಾಗಿಯೇ ಇತ್ತು. ಅದು ಬದಲಾಗುವುದಕ್ಕೆ ಎರಡು ಹೊರಗಿನ ಘಟನೆಗಳು ಬೇಕಾದವು. ಎರಡೂ ೧೯೮೩ರಲ್ಲಿಯೇ ನಡೆದವು.

೪

ಆ ವರ್ಷದ ಸೆಪ್ಟೆಂಬರ್ ೧ರಂದು, ಅಲಾಸ್ಕದ ಆಂಕರೇಜಿನಿಂದ ಸಿಯೋಲಿಗೆ ಹೊರಟಿದ್ದ ಕೊರಿಯನ್ ಏರ್‌ಲೈನ್ಸಿನ ೦೦೭ನೆಯ ಸಂಖ್ಯೆಯ ಬೋಯಿಂಗ್ ವಿಮಾನವು ತನ್ನ ಮಾರ್ಗವನ್ನು ಬಿಟ್ಟು ನೂರಾರು ಕಿಲೋಮೀಟರು ದೂರ ಸೋವಿಯತ್ ವಾಯುಪ್ರದೇಶದೊಳಗೆ ಸರಿದುಹೋಗಿ, ಸಖಾಲಿನ್ ದ್ವೀಪದ ಬಳಿ ಸೋವಿಯತ್ ಯುದ್ಧವಿಮಾನದ ಹೊಡೆತಕ್ಕೆ ಸಿಕ್ಕಿ ಬಿದ್ದಿತು. ಅದರಲ್ಲಿದ್ದ ೨೬೯ ಜನರೂ ಮಡಿದರು. ಆ ತಿಂಗಳ ೧೬ರಂದು ಅಮೆರಿಕದ ಅಧ್ಯಕ್ಷ ರೇಗನ್ನರ ಸರಕಾರವು, ಜಿಪಿಎಸ್ ವ್ಯವಸ್ಥೆಯು ಪೂರ್ಣಗೊಂಡೊಡನೆ ಅದನ್ನು ಎಲ್ಲ ದೇಶಗಳ ನಾಗರಿಕ ವಿಮಾನಗಳ ಉಪಯೋಗಕ್ಕೆ ಬಿಟ್ಟುಕೊಡುವುದಾಗಿ ಸಾರಿತು. ಈ ದುರಂತದಿಂದಲೇ ಜಿಪಿಎಸ್ ನಾಗರಿಕರಿಗೆ ದೊರೆಯಿತೆಂದು ಹಲವರು ಬರೆಯುತ್ತಾರೆ. ಇದು ಪೂರ್ತಿ ಸರಿಯಲ್ಲ. ೧೯೭೩ರಲ್ಲಿ ಯೋಜನೆ ಆರಂಭವಾಗಿ ೧೯೭೮ರ ಫೆಬ್ರುವರಿಯಲ್ಲಿ ಮೊದಲ ಉಪಗ್ರಹವು ಮೇಲೇರಿದಾಗಲೇ ನಾಗರಿಕರು ಗ್ರಹಿಸಬಲ್ಲ ಸಂಕೇತವೊಂದು ಅದರ ರಚನೆಯಲ್ಲಿ ಸೇರಿತ್ತು. ೧೯೮೩ರ ಪ್ರಕಟಣೆಯು ಆ ಅವಕಾಶವನ್ನು ಲೋಕದ ಮುಂದೆ ಮಾತು ಕೊಟ್ಟು ದೃಢಪಡಿಸಿತು ಎನ್ನುವುದೇ ಯುಕ್ತ.

ನಮ್ಮ ವಿಷಯಕ್ಕೆ ಇದಕ್ಕಿಂತಲೂ ಮುಖ್ಯವಾದುದು ಆ ವಿಮಾನವು ದಾರಿತಪ್ಪಿದ ಕಾರಣ. ರಷ್ಯಾ ಬಹುಕಾಲದ ಮೇಲೆ ಒಪ್ಪಿಸಿದ ದಾಖಲೆಪೆಟ್ಟಿಗೆಗಳನ್ನು ಪರೀಕ್ಷಿಸಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ೧೯೯೩ರಲ್ಲಿ ತನ್ನ ಎರಡನೆಯ ವರದಿಯನ್ನು ಹೊರತಂದಿತು. ವಿಮಾನದಲ್ಲಿ ತನ್ನ ಚಲನೆಯಿಂದಲೇ ನೆಲೆಯನ್ನು ಗಣಿಸುವ ಜಡತ್ವ ಮಾರ್ಗದರ್ಶಕಗಳು ಒಂದಲ್ಲ, ಮೂರಿದ್ದವು. ಆದರೆ ಚುಕ್ಕಾಣಿಯನ್ನು ನಡೆಸುವ ಸ್ವಯಂಚಾಲಕಯಂತ್ರವು ಒಂದೇ ಕಾಂತೀಯ ದಿಕ್ಕನ್ನು ಹಿಡಿದು ಹೋಗುವ ಸ್ಥಿತಿಯಲ್ಲಿಯೇ ಉಳಿದಿತ್ತು. ಇಲ್ಲವೆ, ಅದನ್ನು ಮಾರ್ಗದರ್ಶಕಕ್ಕೆ ತಿರುಗಿಸುವ ಹೊತ್ತಿಗೆ ವಿಮಾನವು ಅದು ಹಿಡಿಯಬಲ್ಲ ಎಲ್ಲೆಯನ್ನು ದಾಟಿತ್ತು. ಎರಡರಲ್ಲಿ ಯಾವುದಾದರೂ, ಚಾಲಕರು ಅದನ್ನು ಗಮನಿಸಲಿಲ್ಲ. ಅಂದರೆ ನೆಲೆಯ ಅರಿವು ವಿಮಾನದೊಳಗೇ ಇದ್ದಿತು. ಆ ಅರಿವಿಗೂ ವಿಮಾನವನ್ನು ನಡೆಸುತ್ತಿದ್ದ ಯಂತ್ರಕ್ಕೂ ಸಂಬಂಧ ಏರ್ಪಟ್ಟಿರಲಿಲ್ಲ. ಮಾಹಿತಿ ಇರುವುದು ಒಂದು, ಅದು ಸೇರಬೇಕಾದಲ್ಲಿಗೆ ಸೇರಿದೆಯೆಂದು ತಿಳಿದಿರುವುದು ಇನ್ನೊಂದು ಎಂಬ ಭೇದವನ್ನು ಇದಕ್ಕಿಂತ ದಾರುಣವಾಗಿ ತೋರಿಸುವ ನಿದರ್ಶನ ವಿರಳ.

೫

೧೯೮೩ರ ಇನ್ನೊಂದು ಘಟನೆಯು ಸದ್ದಿಲ್ಲದೆ ನಡೆದುಹೋಯಿತು. ಅಮೆರಿಕದ ನ್ಯಾಷನಲ್ ಮರೀನ್ ಎಲೆಕ್ಟ್ರಾನಿಕ್ಸ್ ಅಸೋಸಿಯೇಷನ್ ಎಂಬ, ದೋಣಿಗಳ ವಿದ್ಯುದುಪಕರಣಗಳಿಗೆ ಸಂಬಂಧಿಸಿದ ವರ್ತಕರ ಸಂಘವು ಎನ್‌ಎಂಇಎ ೦೧೮೩ ಎಂಬ ಒಂದು ನಿಬಂಧನೆಯನ್ನು ಪ್ರಕಟಿಸಿತು. ಒಬ್ಬ ತಯಾರಕನ ಮಾರ್ಗದರ್ಶಕವು ಹೇಳಿದುದನ್ನು ಇನ್ನೊಬ್ಬ ತಯಾರಕನ ಉಪಕರಣವು ಅರ್ಥಮಾಡಿಕೊಳ್ಳಲು ಬೇಕಾದ ಸಾಮಾನ್ಯ ಭಾಷೆ ಅದು. ಅದರ ವ್ಯಾಕರಣವು ಸರಳವಾದುದು. ಪ್ರತಿಯೊಂದು ವಾಕ್ಯವೂ ಡಾಲರ್ ಚಿಹ್ನೆಯಿಂದ ಆರಂಭವಾಗುತ್ತದೆ. ಮೊದಲ ಎರಡು ಅಕ್ಷರಗಳು ಮಾತಾಡುವವನಾರೆಂಬುದನ್ನು ತಿಳಿಸುತ್ತವೆ: ‘ಜಿಪಿ’ ಎಂದರೆ ಜಿಪಿಎಸ್, ‘ಎಲ್‌ಸಿ’ ಎಂದರೆ ನೆಲದ ಮೇಲಿನ ಕೇಂದ್ರಗಳ ರೇಡಿಯೋ ಅಲೆಗಳಿಂದ ನೆಲೆಯನ್ನು ಕಂಡುಹಿಡಿಯುವ ಲೋರಾನ್-ಸಿ. ಮುಂದಿನ ಮೂರಕ್ಷರಗಳು ವಾಕ್ಯದ ಜಾತಿಯನ್ನು ಹೇಳುತ್ತವೆ. ‘ಆರ್‌ಎಂಸಿ’ ಎಂಬ ವಾಕ್ಯದಲ್ಲಿ ವೇಳೆ, ಅಕ್ಷಾಂಶ, ರೇಖಾಂಶ, ನೆಲದ ಮೇಲಿನ ವೇಗ, ಚಲನೆಯ ದಿಕ್ಕು, ದಿನಾಂಕ ಇವು ಕ್ರಮವಾಗಿ ಬರುತ್ತವೆ. ‘ಆರ್‌ಎಂಬಿ’ ಎಂಬುದರಲ್ಲಿ ಗುರಿಯ ಹೆಸರು, ಅದರ ದೂರ, ಅದಕ್ಕೆ ಹೋಗುವ ದಾರಿಯಿಂದ ಎಷ್ಟು ಸರಿದಿದ್ದೇವೆ, ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂಬ ವಿವರವಿರುತ್ತದೆ. ವಾಕ್ಯವು ೮೨ ಅಕ್ಷರಗಳನ್ನು ಮೀರಬಾರದು. ಸೆಕೆಂಡಿಗೆ ೪೮೦೦ ಅಂಕಗಳ ವೇಗದಿಂದ ಹರಿಯಬೇಕು.

ಈ ಭಾಷೆಯಲ್ಲಿ ನಂಬಿಕೆಗೆ ಸಂಬಂಧಿಸಿದ ಎರಡು ಏರ್ಪಾಡುಗಳುಂಟು. ಒಂದು, ವಾಕ್ಯದೊಳಗೆ ಬರುವ ‘ಎ’ ಅಥವಾ ‘ವಿ’ ಎಂಬ ಅಕ್ಷರ. ‘ಎ’ ಎಂದರೆ ಮಾಹಿತಿ ಗ್ರಾಹ್ಯ. ‘ವಿ’ ಎಂದರೆ ತ್ಯಾಜ್ಯ. ಇನ್ನೊಂದು, ನಕ್ಷತ್ರಚಿಹ್ನೆಯ ಅನಂತರ ಬರುವ ಎರಡು ಅಂಕೆಗಳ ಪರೀಕ್ಷಾಸಂಖ್ಯೆ. ವಾಕ್ಯದ ಎಲ್ಲ ಅಕ್ಷರಗಳಿಂದ ಒಂದು ಗಣಿತಕ್ರಮದ ಮೂಲಕ ಇದನ್ನು ಪಡೆಯುತ್ತಾರೆ. ಕೇಳುವ ಉಪಕರಣವು ತಾನೂ ಅದನ್ನು ಲೆಕ್ಕಹಾಕಿ, ತಾಳೆಯಾಗದಿದ್ದರೆ ವಾಕ್ಯವನ್ನು ತಳ್ಳಿಬಿಡುತ್ತದೆ. ಆದರೆ ಈ ಪರೀಕ್ಷೆಯ ಮಿತಿಯನ್ನು ನಾವು ಗಮನಿಸಬೇಕು. ಅದು ಲಿಪಿಕಾರನ ತಪ್ಪನ್ನು ಹಿಡಿಯಬಲ್ಲುದೇ ಹೊರತು ಮೂಲಕರ್ತೃವಿನ ತಪ್ಪನ್ನಲ್ಲ. ತಂತಿಯಲ್ಲಿ ಅಕ್ಷರ ಕೆಟ್ಟರೆ ಅದಕ್ಕೆ ತಿಳಿಯುತ್ತದೆ. ಗ್ರಾಹಕವೇ ತಪ್ಪು ನೆಲೆಯನ್ನು ಶುದ್ಧವಾದ ವಾಕ್ಯದಲ್ಲಿ ಹೇಳಿದರೆ ಅದಕ್ಕೆ ತಿಳಿಯುವುದಿಲ್ಲ.

ಸಮುದ್ರದ ಭಾಷೆಯು ಆಕಾಶಕ್ಕೆ ಬಂದಾಗ ತನ್ನ ಕೊರತೆಗಳನ್ನೂ ತಂದಿತು. ಆರ್‌ಎಂಸಿ ವಾಕ್ಯದಲ್ಲಿ ಎತ್ತರಕ್ಕೆ ಸ್ಥಾನವೇ ಇಲ್ಲ. ದೋಣಿಗೆ ಅದರಿಂದ ಪ್ರಯೋಜನವಿರಲಿಲ್ಲ. ಆದ್ದರಿಂದ ವಿಮಾನೋಪಕರಣಗಳ ತಯಾರಕರು ೯೬೦೦ ಅಂಕಗಳ ವೇಗದಲ್ಲಿ ಹರಿಯುವ, ಅಕ್ಷಾಂಶಕ್ಕೊಂದು ಅಕ್ಷರ, ರೇಖಾಂಶಕ್ಕೊಂದು ಅಕ್ಷರ, ಎತ್ತರಕ್ಕೊಂದು ಅಕ್ಷರ ಎಂಬ ಕ್ರಮದ ಇನ್ನೊಂದು ರೂಢಿಯನ್ನೂ ಬಳಕೆಗೆ ತಂದರು. ದೊಡ್ಡ ವಿಮಾನಗಳಲ್ಲಿ ಅರಿಂಕ್ ೪೨೯ ಎಂಬ, ೩೨ ಅಂಕಗಳ ಪದಗಳಲ್ಲಿ ಮಾತಾಡುವ ಮೂರನೆಯದೊಂದು ಭಾಷೆಯು ೧೯೭೦ರ ದಶಕದಿಂದಲೇ ಇದ್ದಿತು. ಸ್ವನಿರ್ಮಿತ ವಿಮಾನದ ಫಲಕದ ಹಿಂಭಾಗದಲ್ಲಿ ಈ ಮೂರು ಭಾಷೆಗಳೂ ಕೂಡಿಕೊಂಡವು. ಒಂದರ ‘ಕಳುಹಿಸುವ’ ತಂತಿಯನ್ನು ಇನ್ನೊಂದರ ‘ಸ್ವೀಕರಿಸುವ’ ಕೊನೆಗೆ ಸೇರಿಸಿ, ಎರಡಕ್ಕೂ ಸಾಮಾನ್ಯವಾದ ಭೂತಂತಿಯನ್ನು ಜೋಡಿಸಿ, ಎರಡರಲ್ಲಿಯೂ ಒಂದೇ ಭಾಷೆಯನ್ನೂ ಒಂದೇ ವೇಗವನ್ನೂ ಆರಿಸಿದರೆ ಕೆಲಸ ಮುಗಿಯುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಫಲಕವು ಮೂಕವಾಗುತ್ತದೆ.

೬

ಜಿಪಿಎಸ್ ವ್ಯವಸ್ಥೆಯು ಆರಂಭಿಕ ಕಾರ್ಯಸಿದ್ಧತೆಯನ್ನು ೧೯೯೩ರ ಡಿಸೆಂಬರಿನಲ್ಲಿಯೂ, ಪೂರ್ಣ ಸಿದ್ಧತೆಯನ್ನು ೧೯೯೫ರಲ್ಲಿಯೂ ಪಡೆಯಿತು. ನಾಗರಿಕ ಸಂಕೇತದಲ್ಲಿ ಬೇಕೆಂದೇ ಬೆರೆಸಿದ್ದ, ನೂರು ಮೀಟರಿನಷ್ಟು ದೋಷವನ್ನು ಉಂಟುಮಾಡುತ್ತಿದ್ದ ಕಲಬೆರಕೆಯನ್ನು ೨೦೦೦ದ ಮೇ ತಿಂಗಳ ಆದಿಯಲ್ಲಿ ನಿಲ್ಲಿಸಲಾಯಿತು. ಈ ಅವಧಿಯಲ್ಲಿ ಸಣ್ಣ ಗ್ರಾಹಕಗಳ ಬೆಲೆಯೂ ಇಳಿಯಿತು. ಅನುಮತಿಗಾಗಿ ಕಾಯಬೇಕಿಲ್ಲದ ಹವ್ಯಾಸಿಗಳು ತಮ್ಮ ಗ್ರಾಹಕದ ವಾಕ್ಯಗಳನ್ನು ಮೊದಲು ರೆಕ್ಕೆಯನ್ನು ಸಮನಾಗಿಡುವ ಸಣ್ಣ ಸ್ವಯಂಚಾಲಕಕ್ಕೂ, ಬಳಿಕ ಮಾರ್ಗದಿಂದ ಸರಿದುದನ್ನು ತೋರಿಸುವ ಮುಳ್ಳಿಗೂ, ಇಂಧನದ ಲೆಕ್ಕವಿಡುವ ಉಪಕರಣಕ್ಕೂ ಹರಿಯಬಿಟ್ಟರು. ಗುರಿಯನ್ನು ಮುಟ್ಟಲು ಉಳಿದ ಇಂಧನ ಸಾಲುವುದೆ ಎಂಬ ಲೆಕ್ಕವನ್ನು ಚಾಲಕನು ಮೊಣಕಾಲಿನ ಮೇಲಿನ ಕಾಗದದಲ್ಲಿ ಮಾಡಬೇಕಾದ ಅಗತ್ಯ ತಪ್ಪಿತು. ದಾರಿತಪ್ಪುವ ಭಯವು ಬಹುಮಟ್ಟಿಗೆ ನೀಗಿತು. ಈ ಉಪಕಾರವನ್ನು ಕಡೆಗಣಿಸುವುದು ನ್ಯಾಯವಲ್ಲ.

ಆದರೆ ಮುಳ್ಳಿನ ಸ್ವಭಾವವನ್ನು ಸ್ವಲ್ಪ ವಿಚಾರಿಸಬೇಕು. ನೆಲದ ರೇಡಿಯೋ ಕೇಂದ್ರವನ್ನು ಅನುಸರಿಸುವಾಗ ಮುಳ್ಳು ತೋರಿಸುವುದು ಕೋನವನ್ನು. ಪೂರ್ತಿ ಸರಿದರೆ ಸುಮಾರು ೧೦ ಡಿಗ್ರಿ. ಜಿಪಿಎಸ್ಸನ್ನು ಅನುಸರಿಸುವಾಗ ಅದೇ ಮುಳ್ಳು ತೋರಿಸುವುದು ದೂರವನ್ನು. ಮುಳ್ಳು ಒಂದೇ, ಬರಹ ಒಂದೇ, ಅರ್ಥ ಬೇರೆ. ತಾನು ಯಾರ ಮಾತನ್ನು ಹೇಳುತ್ತಿದ್ದೇನೆಂಬುದನ್ನು ಮುಳ್ಳು ತಾನಾಗಿ ಹೇಳಲಾರದು. ಅದಕ್ಕಾಗಿ ಮೂಲವನ್ನು ತಿಳಿಸುವ ಒಂದು ದೀಪವನ್ನೋ ಅಕ್ಷರವನ್ನೋ ಫಲಕದಲ್ಲಿ ಇಡಬೇಕಾಯಿತು. ಕೊರಿಯದ ವಿಮಾನದಲ್ಲಿ ಕಂಡ ತೊಡಕೇ ಇಲ್ಲಿ ಸಣ್ಣ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ಇನ್ನೂ ಸೂಕ್ಷ್ಮವಾದ ತೊಡಕು ಪದಾರ್ಥಕ್ಕೆ ಸಂಬಂಧಿಸಿದ್ದು. ಜಿಪಿಎಸ್ ಹೇಳುವ ದಿಕ್ಕು ವಿಮಾನವು ನೆಲದ ಮೇಲೆ ಸಾಗುತ್ತಿರುವ ದಿಕ್ಕೇ ಹೊರತು ಅದರ ಮೂತಿ ನೋಡುತ್ತಿರುವ ದಿಕ್ಕಲ್ಲ; ಅಡ್ಡಗಾಳಿ ಬೀಸುವಾಗ ಇವೆರಡೂ ಬೇರೆಯಾಗುತ್ತವೆ. ಅದು ಹೇಳುವ ವೇಗವು ನೆಲದ ಮೇಲಿನ ವೇಗ. ವಿಮಾನವನ್ನು ಎತ್ತಿಹಿಡಿಯುವುದು ಗಾಳಿಯಲ್ಲಿನ ವೇಗ. ಹಿಂದಿನಿಂದ ೨೦ ನಾಟಿನ ಗಾಳಿ ಬೀಸುತ್ತಿರುವಾಗ ಜಿಪಿಎಸ್ ೮೦ ಎಂದು ತೋರಿಸಿದರೆ ರೆಕ್ಕೆಗೆ ದೊರೆಯುತ್ತಿರುವುದು ೬೦ ಮಾತ್ರ. ಇಳಿಯುವ ವೇಳೆಯಲ್ಲಿ ಈ ಅಂತರವನ್ನು ಮರೆತವನ ವಿಮಾನವು ಎತ್ತುವ ಬಲವನ್ನು ಕಳೆದುಕೊಂಡು ಬೀಳಬಹುದು. ಅದು ಹೇಳುವ ಎತ್ತರವು ಜ್ಯಾಮಿತಿಯಿಂದ ಬಂದುದು. ಆಕಾಶದಲ್ಲಿರುವ ಇತರ ವಿಮಾನಗಳೆಲ್ಲ ಗಾಳಿಯ ಒತ್ತಡದಿಂದ ಅಳೆದ ಎತ್ತರವನ್ನು ಅನುಸರಿಸಿ ಒಂದರಿಂದೊಂದು ದೂರವಿರುತ್ತವೆ. ಹಳೆಯ ಶಾಸನದಲ್ಲಿ ಬರುವ ಒಂದು ನಾಣ್ಯದ ಅಥವಾ ಅಳತೆಯ ಹೆಸರನ್ನು ಇಂದಿನ ಅರ್ಥದಲ್ಲಿ ಓದಿದವನು ಎಡವುವಂತೆಯೇ, ವೇಗ, ದಿಕ್ಕು, ಎತ್ತರ ಎಂಬ ಪದಗಳನ್ನು ಮೂಲವನ್ನು ವಿಚಾರಿಸದೆ ಓದಿದ ಚಾಲಕನೂ ಎಡವುತ್ತಾನೆ.

೭

೨೦೦೦ದ ದಶಕದ ಆದಿಯಲ್ಲಿ ಹವ್ಯಾಸಿಗಳ ಫಲಕವು ಮತ್ತೊಮ್ಮೆ ಬದಲಾಯಿತು. ಅಮೆರಿಕದ ಡೈನಾನ್ ಮೊದಲಾದ ಸಣ್ಣ ಕಂಪನಿಗಳು, ಅತಿಸೂಕ್ಷ್ಮ ಸಂವೇದಕಗಳನ್ನು ಬಳಸಿ ಆರು ಉಪಕರಣಗಳ ಕೆಲಸವನ್ನೂ ಒಂದೇ ಪರದೆಯ ಮೇಲೆ ತೋರಿಸುವ ಯಂತ್ರಗಳನ್ನು ಸ್ವನಿರ್ಮಿತ ವಿಮಾನಗಳಿಗಾಗಿಯೇ ತಯಾರಿಸಿದವು. ಕಾರ್ಖಾನೆಯ ವಿಮಾನಗಳಿಗೆ ದುಬಾರಿಯಾಗಿದ್ದ ಸೌಕರ್ಯವು ಹವ್ಯಾಸಿಗೆ ಕೈಗೆಟಕಿತು. ಈ ಪರದೆಯು ಎಲ್ಲ ಮೂಲಗಳನ್ನೂ ಒಂದೆಡೆ ಕಲಸಿ ಒಂದೇ ಚಿತ್ರವನ್ನು ಕೊಡುತ್ತದೆ. ಕೆಲವು ಯಂತ್ರಗಳಲ್ಲಿ ದಿಗಂತದ ಗಣನೆಗೆ ಗಾಳಿಯ ವೇಗವು ಬೇಕಾಗುತ್ತದೆ. ಅದನ್ನು ಅಳೆಯುವ ನಳಿಗೆ ಮುಚ್ಚಿಕೊಂಡರೆ ಜಿಪಿಎಸ್ಸಿನ ವೇಗವು ಅದರ ಸ್ಥಾನಕ್ಕೆ ಬರುತ್ತದೆ. ಅದೇ ಜಿಪಿಎಸ್ ನಕ್ಷೆಗೆ, ಸ್ವಯಂಚಾಲಕಕ್ಕೆ, ಗಡಿಯಾರಕ್ಕೆ ಮಾತು ಕೊಡುತ್ತಿರುತ್ತದೆ. ೨೦೨೦ರ ಜನವರಿ ೧ರಿಂದ ಅಮೆರಿಕದ ನಿಯಂತ್ರಿತ ವಾಯುಪ್ರದೇಶದ ಬಹುಭಾಗದಲ್ಲಿ ಹಾರುವ ವಿಮಾನಗಳು ತಮ್ಮ ನೆಲೆಯನ್ನು ತಾವೇ ರೇಡಿಯೋ ಮೂಲಕ ಸಾರುತ್ತಿರಬೇಕೆಂಬ ನಿಯಮವೂ ಬಂದುದರಿಂದ, ನೆಲದ ಅಧಿಕಾರಿಗೂ ಪಕ್ಕದ ವಿಮಾನಕ್ಕೂ ಹೋಗುವ ಮಾತಿಗೂ ಇದೇ ಮೂಲವಾಯಿತು. ಫಲಕವೆಲ್ಲವೂ ಒಂದೇ ಮಾತನ್ನು ಹೇಳತೊಡಗಿತು. ಚಾಲಕನಿಗೆ ಇದು ಒಮ್ಮತದಂತೆ ಕಾಣುತ್ತದೆ. ವಾಸ್ತವದಲ್ಲಿ ಇದು ಒಂದು ಸಾಕ್ಷಿಯ ಮಾತಿನ ಹಲವು ಪ್ರತಿಗಳು.

ಇಂತಹ ಒಮ್ಮತವು ಎಲ್ಲಿ ಮುರಿಯುತ್ತದೆಂಬುದಕ್ಕೆ ನಿದರ್ಶನಗಳಿವೆ. ಜಿಪಿಎಸ್ ತನ್ನ ವಾರಗಳನ್ನು ಹತ್ತು ಅಂಕಗಳ ಸಂಖ್ಯೆಯಲ್ಲಿ ಎಣಿಸುತ್ತಿದ್ದುದರಿಂದ ೧೦೨೪ ವಾರಗಳಿಗೊಮ್ಮೆ ಎಣಿಕೆಯು ಸೊನ್ನೆಗೆ ಮರಳುತ್ತದೆ. ೧೯೯೯ರ ಆಗಸ್ಟಿನಲ್ಲಿಯೂ ೨೦೧೯ರ ಏಪ್ರಿಲಿನಲ್ಲಿಯೂ ಹೀಗಾದಾಗ, ಸಿದ್ಧತೆಯಿಲ್ಲದ ಹಳೆಯ ಗ್ರಾಹಕಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ದಿನಾಂಕವನ್ನು ಹೇಳತೊಡಗಿದವು. ಇದು ನಿರುಪದ್ರವಿಯಾದ ತಪ್ಪೆನ್ನಬಹುದು. ೨೦೨೩ರ ಶರತ್ಕಾಲದಲ್ಲಿ ಇರಾಕ್ ಮೊದಲಾದ ಪಶ್ಚಿಮ ಏಷ್ಯದ ಪ್ರದೇಶಗಳ ಮೇಲೆ ಹಾರುತ್ತಿದ್ದ ವಿಮಾನಗಳಿಗೆ ನೆಲದಿಂದ ಯಾರೋ ಕಳುಹಿಸಿದ ಸುಳ್ಳು ಸಂಕೇತಗಳು ತಗುಲಿದುದು ಹಾಗಲ್ಲ. ಕೆಲವು ವಿಮಾನಗಳಲ್ಲಿ ಗಡಿಯಾರವೂ, ಸ್ವತಂತ್ರವಾಗಿರಬೇಕಾಗಿದ್ದ ಜಡತ್ವ ಮಾರ್ಗದರ್ಶಕವೂ ಕೆಟ್ಟುವು. ಜಿಪಿಎಸ್ ಅವನ್ನು ತಿದ್ದುತ್ತಿದ್ದುದೇ ಇದಕ್ಕೆ ಕಾರಣ. ಸಾಕ್ಷಿಗಳನ್ನು ತಿದ್ದುವ ಅಧಿಕಾರವನ್ನು ಒಬ್ಬನಿಗೇ ಕೊಟ್ಟರೆ ಅವನೊಬ್ಬನನ್ನು ಕೆಡಿಸಿದವನು ಎಲ್ಲರನ್ನೂ ಕೆಡಿಸಿದಂತಾಗುತ್ತದೆ. ಆ ವರ್ಷದ ನವೆಂಬರಿನಲ್ಲಿ ಭಾರತದ ವಿಮಾನಯಾನ ಮಹಾನಿರ್ದೇಶನಾಲಯವೂ ಈ ವಿಷಯದಲ್ಲಿ ವಿಮಾನ ಕಂಪನಿಗಳಿಗೆ ಸೂಚನೆಗಳನ್ನು ಹೊರಡಿಸಿತು.

ಫಲಕವು ನಿಚ್ಚಳವಾದಷ್ಟೂ ಹಾರಾಟ ಕ್ಷೇಮಕರವಾಗುತ್ತದೆಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಗಿದೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ೨೦೦೨ರಿಂದ ೨೦೦೬ರವರೆಗೆ ಕಾರ್ಖಾನೆಗಳಲ್ಲಿ ತಯಾರಾದ ಸಣ್ಣ ವಿಮಾನಗಳನ್ನು ಹೋಲಿಸಿತು. ಪರದೆಯುಳ್ಳವುಗಳಲ್ಲಿ ಒಟ್ಟು ಅಪಘಾತಗಳ ಪ್ರಮಾಣ ಕಡಮೆಯಿದ್ದರೂ, ಮರಣಾಂತಿಕ ಅಪಘಾತಗಳ ಪ್ರಮಾಣವು ಹಳೆಯ ಫಲಕದವುಗಳಿಗಿಂತ ಹೆಚ್ಚಾಗಿತ್ತು. ಈ ವಿಮಾನಗಳ ಬಳಕೆಯ ರೀತಿಯೂ ಭಿನ್ನವಾಗಿತ್ತಾದುದರಿಂದ ಪರದೆಯೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ಆದರೆ ಉಪಕರಣವು ಸುಧಾರಿಸಿದ ಮಾತ್ರಕ್ಕೆ ಚಾಲಕನ ವಿವೇಚನೆಯ ಹೊರೆ ಇಳಿಯುವುದಿಲ್ಲವೆಂಬ ಮಾತಿಗೆ ಇದು ಪುಷ್ಟಿ ಕೊಡುತ್ತದೆ.

೮

ಹಾಗಾದರೆ ಪರಿಹಾರವೇನು? ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವುದು ಒಂದು ದಾರಿ. ನೆಲೆಯನ್ನು ತಿಳಿಯಲು ನಾಲ್ಕು ಉಪಗ್ರಹಗಳು ಸಾಕು. ಐದನೆಯದಿದ್ದರೆ ಅವುಗಳಲ್ಲಿ ಯಾವುದೋ ಒಂದು ತಪ್ಪು ಹೇಳುತ್ತಿದೆಯೆಂದು ಗ್ರಾಹಕವು ಕಂಡುಹಿಡಿಯಬಲ್ಲುದು. ಆರನೆಯದಿದ್ದರೆ ತಪ್ಪು ಹೇಳಿದುದನ್ನು ಗುರುತಿಸಿ ಹೊರಗಿಡಬಲ್ಲುದು. ಮೋಡದೊಳಗೆ ಹಾರಲು ಒಪ್ಪಿಗೆ ಪಡೆದ ಗ್ರಾಹಕಗಳಲ್ಲಿ ಈ ಪರೀಕ್ಷೆಯು ೧೯೯೦ರ ದಶಕದಿಂದಲೇ ಕಡ್ಡಾಯವಾಗಿದೆ. ಇನ್ನೂ ಬಲವಾದ ಪರೀಕ್ಷೆಯು ನೆಲದಿಂದ ನಡೆಯುತ್ತದೆ. ತಾವಿರುವ ಸ್ಥಳವನ್ನು ನಿಖರವಾಗಿ ಬಲ್ಲ ನೆಲದ ಕೇಂದ್ರಗಳು ಜಿಪಿಎಸ್ ಹೇಳುವುದನ್ನು ತಮ್ಮ ಅರಿವಿನೊಡನೆ ಹೋಲಿಸಿ, ತಪ್ಪನ್ನೂ ಎಚ್ಚರಿಕೆಯನ್ನೂ ಬೇರೊಂದು ಉಪಗ್ರಹದ ಮೂಲಕ ವಿಮಾನಗಳಿಗೆ ತಿಳಿಸುತ್ತವೆ. ಅಮೆರಿಕದಲ್ಲಿ ಇಂತಹ ವ್ಯವಸ್ಥೆಯು ೨೦೦೩ರ ಜುಲೈಯಲ್ಲಿ ಬಳಕೆಗೆ ಬಂದಿತು. ಭಾರತದಲ್ಲಿ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರಗಳು ಸೇರಿ ರಚಿಸಿ, ೨೦೧೩ರ ಡಿಸೆಂಬರಿನಲ್ಲಿ ಮೊದಲ ಮನ್ನಣೆಯನ್ನು ಪಡೆದ ‘ಗಗನ್’ ಇದೇ ಜಾತಿಯದು. ದೇಶದಲ್ಲಿ ಹರಡಿರುವ ಅದರ ಹದಿನೈದು ಕೇಂದ್ರಗಳ ವರದಿಯು ಬಂದು ಸೇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿರುವ ನಿಯಂತ್ರಣ ಕೇಂದ್ರಕ್ಕೆ. ನಮ್ಮ ನಾಡಿಗೆ ಈ ಚರಿತ್ರೆಯೊಡನೆ ಇನ್ನೊಂದು ನಂಟೂ ಇದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ರುಟಾನನ ಲಾಂಗ್-ಈಜಿಯ ವಿನ್ಯಾಸವನ್ನು ಆಧರಿಸಿ ಹಗುರ ಸಂಶೋಧನಾ ವಿಮಾನವೊಂದನ್ನು ಕಟ್ಟಿ ೧೯೮೭ರಲ್ಲಿ ಹಾರಿಸಿತು. ಹವ್ಯಾಸಿಗಾಗಿ ಹುಟ್ಟಿದ ರಚನೆಯು ಇಲ್ಲಿ ವಿಜ್ಞಾನಿಗಳ ಪಾಠಶಾಲೆಯಾಯಿತು.

ಎರಡನೆಯ ದಾರಿಯು ಹಳೆಯದು: ಪರಸ್ಪರ ಪರಿಚಯವಿಲ್ಲದ ಸಾಕ್ಷಿಯೊಂದನ್ನಾದರೂ ಉಳಿಸಿಕೊಳ್ಳುವುದು. ಎರಡು ದೊಡ್ಡ ಪರದೆಗಳ ನಡುವೆ ಕಾಂತೀಯ ದಿಕ್ಸೂಚಿಗೂ, ತಂತಿಯ ಸಂಬಂಧವಿಲ್ಲದ ಒಂದು ವೇಗಮಾಪಕಕ್ಕೂ ಎತ್ತರಮಾಪಕಕ್ಕೂ ಸ್ಥಳ ಬಿಡುವ ಹವ್ಯಾಸಿಗಳು ಇಂದಿಗೂ ಉಂಟು. ಎರಡನೆಯ ಜಿಪಿಎಸ್ಸನ್ನು ಇಟ್ಟುಕೊಂಡರೆ ಗ್ರಾಹಕ ಕೆಟ್ಟಾಗ ಪ್ರಯೋಜನವಾದೀತು. ಆಕಾಶದಿಂದ ಬರುವ ಸಂಕೇತವೇ ಕೆಟ್ಟಾಗ ಅದೂ ಮೊದಲನೆಯದರ ಪ್ರತಿಯೇ.

೯

ಮೇಲಣ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಉಪಗ್ರಹದ ಮಾಹಿತಿಯು ಸಣ್ಣ ವಿಮಾನದ ಫಲಕವನ್ನು ಸೇರಿದುದು ಉಪಗ್ರಹದ ಬಲದಿಂದ ಮಾತ್ರವಲ್ಲ. ದೋಣಿಕಾರರ ನಡುವೆ ಹುಟ್ಟಿದ ಒಂದು ಸಾಮಾನ್ಯ ಭಾಷೆ ಮತ್ತು ಹವ್ಯಾಸಿಗೆ ಕಾನೂನು ಕೊಟ್ಟ ಸ್ವಾತಂತ್ರ್ಯ ಇವೆರಡೂ ಅದಕ್ಕೆ ಬೇಕಾದವು. ಎರಡನೆಯದಾಗಿ, ತಂತಿಯು ಉಪಕರಣಗಳನ್ನು ಕೂಡಿಸಿದಂತೆಲ್ಲ ಅವುಗಳ ಸಾಕ್ಷ್ಯದ ಸ್ವಾತಂತ್ರ್ಯವು ಕುಂದಿತು. ಫಲಕದ ಒಮ್ಮತವು ಹೆಚ್ಚಿದಷ್ಟೂ ಅದರ ಪ್ರಮಾಣಬಲವು ಹೆಚ್ಚಿತೆಂದು ಭಾವಿಸುವುದು ಸಲ್ಲದು. ಮೂರನೆಯದಾಗಿ, ತನ್ನ ಶಿಕ್ಷಣಕ್ಕಾಗಿ ವಿಮಾನವನ್ನು ಕಟ್ಟುತ್ತೇನೆಂದು ಕಾನೂನಿನ ಮುಂದೆ ಹೇಳಿದವನು ಕಲಿಯಬೇಕಾದ ಪಾಠಗಳಲ್ಲಿ ಇದು ಕೊನೆಯದಲ್ಲ: ತಾನೇ ಎಳೆದ ಪ್ರತಿಯೊಂದು ತಂತಿಯು ಯಾರ ಮಾತನ್ನು ಯಾರಿಗೆ ಒಯ್ಯುತ್ತದೆ, ಆ ಮಾತು ನಿಂತುಹೋದರೆ ಅಥವಾ ಸುಳ್ಳಾದರೆ ಫಲಕದಲ್ಲಿ ಉಳಿಯುವ ಸಾಕ್ಷಿ ಯಾವುದು ಎಂಬುದನ್ನು ಅವನು ನೆಲದ ಮೇಲಿರುವಾಗಲೇ ತಿಳಿದಿರಬೇಕು. ಕಾರ್ಖಾನೆಯ ವಿಮಾನದಲ್ಲಿ ಈ ಪ್ರಶ್ನೆಯನ್ನು ಅವನ ಪರವಾಗಿ ಇತರರು ಕೇಳಿರುತ್ತಾರೆ. ಸ್ವನಿರ್ಮಿತ ವಿಮಾನದಲ್ಲಿ ಅದನ್ನು ಕೇಳಬೇಕಾದವನು ಅವನೇ.

ಗ್ರಂಥಾಲಯದಲ್ಲಿ ಕುಳಿತು ಆಧಾರಗಳನ್ನು ತೂಗುವ ನಮ್ಮ ವಿದ್ಯಾರ್ಥಿಗಳಿಗೆ ಈ ಕೆಲಸವು ಕೆಲವೊಮ್ಮೆ ಶುಷ್ಕವೆನಿಸುವುದುಂಟು. ಅದೇ ಕೆಲಸವನ್ನು ಆಕಾಶದಲ್ಲಿ, ಕ್ಷಣಮಾತ್ರದಲ್ಲಿ, ಪ್ರಾಣವನ್ನೇ ಪಣವಾಗಿಟ್ಟು ಮಾಡುವವರೂ ಇದ್ದಾರೆಂಬುದನ್ನು ಅವರು ನೆನೆದರೆ ಸಾಕು.